ಮೇಲಿನ ಹಲ್ಲು

ಡಿಸೆಂಬರ್ ಮುಗಿಯುವ ಹೊತ್ತಿಗೆ ನಮ್ಮ ಅಡುಗೆಮನೆಗೆ ಇದ್ದಕ್ಕಿದ್ದಂತೆ ಶಾಂತಿ ಬಂತು. ನನ್ನ ಮಗಳು ಮೋನಿಕಾ ರಾತ್ರಿ ಊಟಕ್ಕೆ ಮುದ್ದೆ ಕೇಳತೊಡಗಿದಳು.

ಇದರಲ್ಲೇನಿದೆ ಎಂದು ಬೇರೆಯವರಿಗೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಡೆದ ಜಗಳವೆಂದರೆ ಅದೊಂದೇ. ನನ್ನ ಅತ್ತೆ ಅಕ್ಕಯ್ಯಮ್ಮನವರಿಗೆ ಸಂಜೆ ಮುದ್ದೆ ತಿರುವದಿದ್ದರೆ ದಿನ ಮುಗಿದ ಹಾಗಲ್ಲ. ಮೋನಿಕಾಗೆ ಮುದ್ದೆ ಕೋಲು ಕಂಡರೇ ಮುಖ ಗಂಟಾಗುತ್ತಿತ್ತು. ಅವಳಿಗೆ ಚಪಾತಿ ಬೇಕು, ಜೊತೆಗೆ ಕಟುಂ ಎನ್ನುವ ಸೌತೆಕಾಯಿಯೋ ಈರುಳ್ಳಿಯೋ ಬೇಕು. ಒಂದು ಒಲೆಯಲ್ಲಿ ಅಜ್ಜಿಯ ಎಸರು, ಇನ್ನೊಂದರಲ್ಲಿ ಮೊಮ್ಮಗಳ ಕಾವಲಿ, ನಡುವೆ ನಾನು.

ಅವತ್ತು ಅವಳು ತಟ್ಟೆ ಹಿಡಿದುಕೊಂಡು ಬಂದು, "ಅಜ್ಜಿ, ನಂಗೂ ಒಂದು ಮುದ್ದೆ" ಅಂದಳು.

ಅತ್ತೆ ಕೋಲು ಹಿಡಿದುಕೊಂಡೇ ತಿರುಗಿದರು. "ಯಾರ್ಗೆ?"

"ನಂಗೇ."

"ಗೋದಿ ಇಟ್ಟು ಖಾಲಿ ಆಯ್ತಾ?"

"ಇಲ್ಲಪ್ಪ. ತಿನ್ಬೇಕು ಅನ್ನಿಸ್ತು."

ಕೈ ತೊಳೆಯಲು ಬಂದ ನನ್ನ ಗಂಡ ಅಶ್ವತ್ಥ್ ನಕ್ಕರು. "ರಾಧಾ, ಮಹಡಿ ಮೇಲೆ ಒಣ ಹಾಕಿರೋ ಬಟ್ಟೆ ತಗೊಂಡ್ ಬಾ. ಇವತ್ತು ಮಳೆ ಗ್ಯಾರಂಟಿ."

ಮುದ್ದೆಯನ್ನು ಅಗಿಯುವುದಿಲ್ಲ. ಚೂರು ಮುರಿದು ಸಾರಿನಲ್ಲಿ ಹೊರಳಿಸಿ ನುಂಗುವುದು. ಅಗಿಯುವವರನ್ನು ಕಂಡರೆ ಅತ್ತೆ ನಗುತ್ತಾರೆ. ಮೋನಿಕಾ ಆ ರಾತ್ರಿ ಒಂದೇ ಒಂದು ಚೂರನ್ನೂ ಅಗಿಯದೆ ಪಳಗಿದವಳ ಹಾಗೆ ನುಂಗಿದಳು. ಮಾರನೆಯ ದಿನವೂ ಅದೇ. ಅತ್ತೆ ಮೇಲಿನ ಮನೆಯ ಬಾಡಿಗೆಯವರನ್ನು ಮೆಟ್ಟಿಲಲ್ಲಿ ನಿಲ್ಲಿಸಿ, "ನಮ್ ಉಡ್ಗಿಗೆ ಬುದ್ಧಿ ಬಂತು ಕಣವ್ವ" ಎಂದು ಹೇಳಿಕೊಂಡರು. ನನಗೆ ಒಂದು ಒಲೆ ಮಿಕ್ಕಿತು. ಹೆಚ್ಚು ಯೋಚಿಸಲಿಲ್ಲ.

ಅವರೆಕಾಯಿ ಕಾಲ ಅದು. ಸಂಜೆ ನಾನೂ ಅತ್ತೆಯೂ ನಡುಮನೆಯಲ್ಲಿ ಕೂತು ನೆನೆದ ಕಾಳನ್ನು ಹಿತುಕುತ್ತಿದ್ದರೆ, ಮೋನಿಕಾ ಕಿಟಕಿಯ ಪಕ್ಕ ಮರದ ಚೌಕಟ್ಟಿಗೆ ರೇಷ್ಮೆ ಬಟ್ಟೆ ಬಿಗಿದು ಆರಿ ಕಸೂತಿ ಹಾಕುತ್ತಿದ್ದಳು. ಬಿ.ಕಾಂ. ಮುಗಿಸಿದ ಮೇಲೆ ಅವಳು ಹಿಡಿದ ಕೆಲಸ ಅದು. ಜಾಲಹಳ್ಳಿಯಲ್ಲಿ ಬಟೀಕ್ ಇಟ್ಟಿರುವ ಬದರುನ್ನೀಸಾ ಮದುವೆ ಬ್ಲೌಸುಗಳನ್ನು ಕಳಿಸುತ್ತಾರೆ. ಇವಳು ಸಾಸಿವೆಗಿಂತ ಸಣ್ಣ ಮಣಿಗಳನ್ನು ಸೂಜಿಯ ತುದಿಯಲ್ಲಿ ಎತ್ತಿ ನವಿಲು ಬಿಡಿಸುತ್ತಾಳೆ. ನೋಡುತ್ತಾ ಕೂತರೆ ನನ್ನ ಕಣ್ಣೇ ನೋಯುತ್ತದೆ.

ಸಂಕ್ರಾಂತಿಯ ದಿನ ನನಗೆ ಮೊದಲ ಅನುಮಾನ ಬಂತು. ಎಳ್ಳು ಬೀರಿ ಬಂದವಳ ಬಾಯಿಗೆ ಒಂದು ಹಿಡಿ ಎಳ್ಳು ಬೆಲ್ಲ ಹಾಕಲು ಹೋದೆ. ಮುಖ ಪಕ್ಕಕ್ಕೆ ತಿರುಗಿಸಿದಳು.

"ಆಮೇಲೆ ತಿಂತೀನಿ ಅಮ್ಮ."

"ಕಬ್ಬು?"

"ಅದೂ ಆಮೇಲೆ."

ಹಲ್ಲಿನಿಂದಲೇ ಸಿಪ್ಪೆ ಎಳೆದು ಕಬ್ಬು ತಿನ್ನುವ ಹುಡುಗಿ! ನಾನು ಮತ್ತೇನೋ ಕೇಳುವಷ್ಟರಲ್ಲಿ ಹಿಂದಿನಿಂದ ಅತ್ತೆ, "ಬಿಡು ರಾಧಾ, ಗಂಟ್ಲು ಕಟ್ಟೈತೆ ಅವಳ್ಗೆ" ಅಂದರು. ಅವಳು ಕೆಮ್ಮಿದ್ದನ್ನು ನಾನು ಕೇಳಿರಲಿಲ್ಲ. ಬಾಗಿಲಲ್ಲಿ ಅಕ್ಕಪಕ್ಕದವರು ತಟ್ಟೆ ಹಿಡಿದು ನಿಂತಿದ್ದರು. ಮಾತು ಅಲ್ಲಿಗೇ ನಿಂತಿತು.

ಹಬ್ಬ ಕಳೆದು ಕೆಲವು ದಿನಕ್ಕೆ, ಬೆಳಗ್ಗೆ ಕಾಫಿ ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಮೋನಿಕಾಳ ಎಡಗೆನ್ನೆ ಊದಿತ್ತು. ಊತ ಕಣ್ಣಿನ ಕೆಳಗಿನವರೆಗೂ ಏರಿ, ಕಣ್ಣು ಅರ್ಧ ಮುಚ್ಚಿತ್ತು.

"ಏನೇ ಇದು?"

"ಹಲ್ಲು" ಅಂದಳು ಅಳುತ್ತಾ. "ಮೇಲಿಂದು."

"ಯಾವಾಗಿಂದ ನೋವು?"

"ಮುದ್ದೆ ತಿನ್ನೋಕೆ ಶುರು ಮಾಡಿದಾಗಿಂದ."

ಲೋಟ ಕೆಳಗಿಟ್ಟೆ. ಅತ್ತೆ ನನ್ನ ಹಿಂದೆ ಬಂದು ನಿಂತಿದ್ದರು. ತಿರುಗಿ ನೋಡಿದರೆ ಅವರ ಕಣ್ಣು ನೆಲದ ಮೇಲಿತ್ತು.

"ನಿಮಗೆ ಗೊತ್ತಿತ್ತಾ ಅತ್ತೆ?"

"ಗೊತ್ತಿತ್ತು. ನಾನೇ ಯೋಳ್ದೆ, ಮುದ್ದೆ ನುಂಗು, ನೋಯೋ ಅಲ್ಲಿಗೆ ಕೆಲ್ಸ ಕೊಡ್ಬೇಡ ಅಂತ. ಲವಂಗ ಮಡಗ್ದೆ. ಅದಾಗೇ ಓಯ್ತದೆ ಅಂದ್ಕೊಂಡಿದ್ದೆ."

"ನಂಗೊಂದು ಮಾತು ಹೇಳ್ಬಾರದಿತ್ತಾ?"

"ಯೋಳಿದ್ರೆ ನೀನು ಡಾಕ್ಟ್ರ ತಾವ ಎಳ್ಕೊಂಡು ಓಗ್ತಿದ್ದೆ. ಅವರು ನರಕ್ಕೆ ಕೈ ಆಕೋರು. ಮೇಲಿನ ಅಲ್ಲಿನ ನರ ಕಣ್ಣಿಗೆ ಓಗಿರ್ತದೆ ರಾಧಾ. ನಮ್ ಮುನಿಯಲ್ಲಮ್ಮನ್ನ ನೋಡಿಲ್ವಾ ನೀನು?"

ಮುನಿಯಲ್ಲಮ್ಮ ಅತ್ತೆಯ ತಂಗಿ. ಬಾಗಲಗುಂಟೆಯಲ್ಲಿ ಮಗನ ಜೊತೆ ಇದ್ದಾರೆ. ಅವರ ಬಲಗಣ್ಣು ಹಾಲಿನ ಹಾಗೆ ಬಿಳಿ. ಮದುವೆಯಾದ ಹೊಸದರಲ್ಲಿ ಮೇಲಿನ ಹಲ್ಲು ಕೀಳಿಸಿದರು, ಆ ವಾರವೇ ಕಣ್ಣು ಹೋಯಿತು: ಇದು ನಮ್ಮ ನೆಂಟರಿಷ್ಟರಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಯಾರಿಗಾದರೂ ಮೇಲಿನ ಹಲ್ಲು ನೋವು ಬಂದರೆ ಆ ಕಣ್ಣಿನ ಪ್ರಸ್ತಾಪ ಬರದೆ ಇರುವುದಿಲ್ಲ.

ನಾನು ಅತ್ತೆಗೆ ಎದುರಾಡಿದವಳಲ್ಲ. ಆವತ್ತು ಆಡಿದೆ. "ಈಗ ನೋಡಿ, ಯಾರೂ ಕೈ ಹಾಕಿಲ್ಲ. ಆದ್ರೂ ಕಣ್ಣು ಮುಚ್ಚಿದೆ. ಇದಕ್ಕೇನಂತೀರಾ?" ಅತ್ತೆ ಹಿತ್ತಿಲಿಗೆ ಹೋದರು.

ಶೆಟ್ಟಿಹಳ್ಳಿ ಮುಖ್ಯರಸ್ತೆಯಲ್ಲಿ ಮೆಡಿಕಲ್ ಸ್ಟೋರಿನ ಮೇಲೆ ಒಬ್ಬ ಹಲ್ಲಿನ ಡಾಕ್ಟರಮ್ಮ ಇದ್ದಾರೆ. ಎಕ್ಸ್‌ರೇ ತೆಗೆದು, ಕಂಪ್ಯೂಟರಿನಲ್ಲಿ ನಮಗೂ ತೋರಿಸಿದರು. ಕೋರೆಹಲ್ಲಿನ ಪಕ್ಕದ ಹಲ್ಲಿನಲ್ಲಿ ಹುಳುಕು ನರದವರೆಗೂ ಇಳಿದು, ಬೇರಿನ ತುದಿಯಲ್ಲಿ ಕೀವು ಕಟ್ಟಿತ್ತು.

"ಮೊದಲು ಮಾತ್ರೆ ತಗೊಂಡು ಊತ ಇಳೀಲಿ. ಮುಂದಿನ ವಾರ ರೂಟ್ ಕೆನಾಲ್ ಮಾಡೋಣ. ಒಳಗಿನ ಕೆಟ್ಟ ನರ ತೆಗೆದು, ತೊಳೆದು, ಮುಚ್ಚಿಬಿಡೋದು. ಹಲ್ಲು ನಿಮ್ಮದೇ ಉಳಿಯುತ್ತೆ."

"ಕಣ್ಣಿಗೆ ಏನಾದ್ರೂ ಆಗುತ್ತಾ?" ಮೋನಿಕಾ ಕೇಳಿದಳು.

ಡಾಕ್ಟರ್ ನಗಲಿಲ್ಲ. ಅದು ನನಗೆ ಹಿಡಿಸಿತು. "ತುಂಬಾ ಜನ ಕೇಳ್ತಾರೆ. ಹಲ್ಲಿನ ನರ ಬೇರೆ, ಕಣ್ಣು ಕಾಣೋ ನರ ಬೇರೆ. ಈಗ ಕಣ್ಣಿನ ಹತ್ರ ಊದಿರೋದು ಹಲ್ಲು ಮುಟ್ಟಿದ್ದಕ್ಕಲ್ಲಮ್ಮ, ಮುಟ್ಟದೆ ಬಿಟ್ಟಿದ್ದಕ್ಕೆ."

ಮೋನಿಕಾ ಅಲ್ಲಿ ತಲೆಯಾಡಿಸಿದಳು. ಮಾತ್ರೆಗೆ ಊತ ಇಳಿದು ನೋವು ಕಡಿಮೆಯಾದದ್ದೇ ತಡ, ಮಾತು ಬದಲಾಯಿತು.

"ಸರಿಹೋಯ್ತಲ್ಲ ಅಮ್ಮ. ಇನ್ಯಾಕೆ?"

"ಊತ ಇಳಿದಿದೆ, ಹುಳುಕು ಹೋಗಿಲ್ಲ. ಡಾಕ್ಟರ್ ಹೇಳಿದ್ದು ಕೇಳಿದ್ಯಲ್ಲ?"

"ಅವರು ಹಂಗೇ ಹೇಳ್ತಾರೆ. ಚಿಕ್ಕಜ್ಜಿ ಕಣ್ಣು ನಾನು ನೋಡಿಲ್ವಾ? ನಾನು ಮಾಡೋದು ಸೂಜಿ ಕೆಲಸ. ಕಣ್ಣೇ ಹೋದ್ರೆ ಏನ್ ಮಾಡ್ಲಿ?"

ಅಂಗಡಿಯಿಂದ ಊಟಕ್ಕೆ ಬಂದಿದ್ದ ಅಶ್ವತ್ಥ್‌ಗೆ ರೇಗಿತು. ಅವರದು ಹಾರ್ಡ್‌ವೇರ್ ಅಂಗಡಿ. ಕೆಟ್ಟ ನಲ್ಲಿ ಕಂಡರೆ ಕಿತ್ತು ಹೊಸದು ಹಾಕು ಅನ್ನುವ ಮನುಷ್ಯ. "ಒಂದು ಹಲ್ಲಿಗೆ ಇಷ್ಟು ರಾದ್ಧಾಂತನಾ? ಕಿತ್ತಾಕ್ಸಿ ಬಿಸಾಕು."

"ಮೇಲಿನ ಅಲ್ಲು ಕೀಳೋದಾ?" ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಅಮ್ಮ, ಯಾವ ಕಾಲದಲ್ಲಿದೀಯ ನೀನು?"

"ಅಪ್ಪ, ನೀನು ಎಷ್ಟು ಸಲ ಹಲ್ಲಿನ ಡಾಕ್ಟರ್ ಹತ್ರ ಹೋಗಿದೀಯ?" ಮೋನಿಕಾ ಕೇಳಿದಳು. "ಕೋವಿಡ್ ಇಂಜೆಕ್ಷನ್ನಿಗೆ ಕ್ಯೂನಲ್ಲಿ ನಿಂತು ವಾಪಸ್ ಓಡಿ ಬಂದೋರು ಯಾರು?"

"ಅದು ಬೇರೆ ವಿಷಯ" ಎಂದು ಅವರು ಅನ್ನ ಕಲಸಿಕೊಂಡರು.

ಬ್ಲೌಸ್ ಒಯ್ಯಲು ಬಂದ ಬದರುನ್ನೀಸಾ ವಿಷಯ ಕೇಳಿ ಕುರ್ಚಿ ಎಳೆದುಕೊಂಡು ಕೂತರು. ನನಗೆ ಧೈರ್ಯ ಬಂತು.

"ಅಯ್ಯೋ ಬೇಟಾ, ರೂಟ್ ಕೆನಾಲಿಗೆ ಇಷ್ಟು ಭಯನಾ? ನಂಗೆ ಆಗಿದೆ. ಇಂಜೆಕ್ಷನ್ ಕೊಡುವಾಗ ಸ್ವಲ್ಪ ಚುಳ್ ಅನ್ನುತ್ತೆ, ಅಷ್ಟೇ. ಆಮೇಲೆ ನಂಗೆ ನಿದ್ದೆನೇ ಬಂತು. ಡಾಕ್ಟರೇ ಎಬ್ಬಿಸಿ ಕಳಿಸಿದ್ರು."

"ಮೇಲಿನ ಹಲ್ಲಾ ಆಂಟಿ, ಕೆಳಗಿಂದಾ?"

"ಕೆಳಗಿಂದು."

ಅತ್ತೆ ಹಿತುಕುತ್ತಿದ್ದ ಕಾಳನ್ನು ಬಿಟ್ಟು ಮೊಮ್ಮಗಳ ಕಡೆ ನೋಡಿದರು. "ನೋಡ್ದಾ?" ನನ್ನ ಧೈರ್ಯ ಬದರುನ್ನೀಸಾರ ಹಿಂದೆಯೇ ಬಾಗಿಲು ದಾಟಿ ಹೋಯಿತು.

ಆ ಸಂಜೆಯೇ ಅತ್ತೆ ತಂಗಿಗೆ ಫೋನ್ ಮಾಡಿಸಿದರು. "ಭಾನ್ವಾರ ಬಾ. ಈ ಉಡ್ಗಿಗೂ ಇವಳವ್ವನ್ಗೂ ನಿನ್ ಕಣ್ಣು ತೋರ್ಸು, ಎಂಗಾಯ್ತು ಅಂತ ನಿನ್ ಬಾಯಾಗೇ ಯೋಳು." ಬೇಡ ಅಂದರೆ ಪ್ರಯೋಜನವಿರಲಿಲ್ಲ. ಡಾಕ್ಟರ್ ಹೇಳಿದ ದಿನ ಹತ್ತಿರ ಬರುತ್ತಿತ್ತು. ಮಗಳು ಬಿಸಿ ಕಾಫಿ ಕುಡಿಯುವಾಗ ಮತ್ತೆ ಎಡಗೆನ್ನೆಗೆ ಕೈ ಒಯ್ಯುತ್ತಿದ್ದಳು.

ಮುನಿಯಲ್ಲಮ್ಮ ಭಾನುವಾರ ಬಸ್ಸಿಳಿದು, ಕೈಯಲ್ಲಿ ಒಂದು ಚೀಲ ಅವರೆಕಾಯಿ ಹಿಡಿದುಕೊಂಡು ಬಂದರು. ಸಣ್ಣ ಆಳು, ದೊಡ್ಡ ಬಾಯಿ. ಕೂತ ತಕ್ಷಣ ಕಾಳಿನ ಬೋಗುಣಿ ತಮ್ಮ ಕಡೆ ಎಳೆದುಕೊಂಡರು. ನಾಲ್ವರೂ ಸುತ್ತ ಕೂತೆವು.

"ಊಂ, ಯೋಳು" ಅಂದರು ಅತ್ತೆ. "ಅಲ್ಲು ಕಿತ್ತಿದ್ದು, ಕಣ್ಣು ಓಗಿದ್ದು, ಒಂದೂ ಬಿಡ್ದಂಗೆ ಯೋಳು."

"ಯಾಕಕ್ಕ ಈಗ ಆ ಮಾತು?"

ನಾನು ಹೇಳಿದೆ. ಹಲ್ಲು, ಊತ, ಡಾಕ್ಟರ್ ಅಂದದ್ದು, ಮೋನಿಕಾ ಹೋಗಲು ಒಪ್ಪದೆ ಕೂತಿರುವುದು, ಎಲ್ಲ ಹೇಳಿದೆ. ಮುನಿಯಲ್ಲಮ್ಮನ ಕೈ ನಿಂತಿತು. ಒಳ್ಳೆಯ ಕಣ್ಣಿನಿಂದ ಮೋನಿಕಾಳನ್ನು ಸ್ವಲ್ಪ ಹೊತ್ತು ನೋಡಿದರು.

"ಅಕ್ಕ, ಬಯ್ಯಲ್ಲ ಅನ್ನು."

"ನಿನ್ನ ಯಾಕ್ ಬಯ್ಯಾಣ?"

"ಕಣ್ಣು ಅಲ್ಲು ಕಿತ್ತಿದ್ದಕ್ಕೆ ಓಗ್ಲಿಲ್ಲ ಕಣಕ್ಕ. ಗೌರಿ ಬಾಲದಿಂದ ಓಯ್ತು."

ಅತ್ತೆಗೆ ಅರ್ಥವಾಗಲಿಲ್ಲ. ನಮಗಂತೂ ಏನೂ ಅರ್ಥವಾಗಲಿಲ್ಲ.

"ಯಾವ್ ಗೌರಿ?"

"ನಮ್ ಅಸ. ನನ್ ಮದ್ವೇಲಿ ಅಪ್ಪಯ್ಯ ಬಳುವಳಿ ಕೊಟ್ಟಿದ್ದು. ಬೆಳಗ್ಗೆ ಆಲು ಕರೀತಾ ಕುಂತಿದ್ದೆ. ಬಾಲದ ಕುಚ್ಚಿಗೆ ಮುಳ್ಳು ಸಿಗಾಕ್ಕೊಂಡಿತ್ತು. ನೊಣ ಓಡ್ಸೋಕೆ ಅಂತ ಬೀಸ್ತು ನೋಡು, ಕಣ್ಣಿಗೇ ಬಿತ್ತು. ಆ ವಾರನೇ ಅಲ್ಲೂ ಕೀಳ್ಸಿದ್ದೆ. ಎಂಗಾಯ್ತು ಅಂತ ನಮ್ಮತ್ತೆ ಕೇಳಿದ್ರೆ, ಅಲ್ಲು ಕಿತ್ತಿದ್ದಕ್ಕೆ ಅಂದ್ಬಿಟ್ಟೆ."

"ಯಾಕೆ ಅಂಗಂದೆ?"

"ಸೊಸೆ ಕಣ್ಣು ಕಳೆದ ಅಸ ಅಂತ ಸಂತೆಗೆ ಒಡ್ಕೊಂಡು ಓಗೋರು. ಅಪ್ಪಯ್ಯ ನಂಗೆ ಕೊಟ್ಟಿದ್ದು ಅದೊಂದೇ ಅಲ್ವಾ? ಕಣ್ಣಂತೂ ಓಗಿತ್ತು. ಅಸನೂ ಓಗ್ಬೇಕಾ?"

ಹೊರಗೆ ನೀರಿನ ಟ್ಯಾಂಕರ್ ಹಾರನ್ ಹೊಡೆಯುತ್ತಾ ಹೋಯಿತು.

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ ಚಿಕ್ಕತ್ತೆ?" ನಾನು ಮೆತ್ತಗೆ ಕೇಳಿದೆ.

"ಯೋಳೋಕೆ ಎಲ್ಲಿ ಬಿಟ್ರು? ನಾನು ಬಾಯಿ ತೆಗೆಯೋಕೆ ಮುಂಚೆ ಎಲ್ರೂ ನನ್ ಕಥೆನ ನಂಗೇ ಯೋಳೋರು. ಕೇಳಿ ಕೇಳಿ ಸುಮ್ನಾದೆ. ಇಂತಾ ವಯಸ್ನ ಉಡ್ಗಿ ಎದ್ರಿ ಕೂತ್ಕೋತಾಳೆ ಅಂತ ನಂಗೇನ್ ಗೊತ್ತು?"

"ನಿನ್ ಮನೆ ಕಾಯ್ವೋಗ!" ಅತ್ತೆ ಕೈಯಲ್ಲಿದ್ದ ಕಾಳನ್ನು ತಂಗಿಯ ಮೇಲೆ ಎಸೆದರು. "ನನ್ ಮೇಲಿನ ಅಲ್ಲು ಅಳ್ಳಾಡ್ತಾ ಅದೆ. ಎಷ್ಟು ವರ್ಷದಿಂದ ಲವಂಗ ಕಚ್ಕೊಂಡು ಕುಂತಿವ್ನಿ ಗೊತ್ತಾ? ಯಾರ್ಗೂ ಯೋಳ್ದಂಗೆ! ನಿನ್ ಕಣ್ಣು ನೆನೆಸ್ಕೊಂಡು!"

"ನಾನೇನ್ ನಿನ್ನ ಕಚ್ಕೊ ಅಂದ್ನಾ?"

"ಊಟಕ್ಕೆ ಕುಂತಾಗೆಲ್ಲಾ ಪ್ರಾಣ ಓಗ್ತಿತ್ತು ಕಣೆ!"

"ಬಯ್ಯಲ್ಲ ಅಂದಿದ್ದೆ ನೀನು."

"ಬಯ್ಯಲ್ಲ, ಒಡೀತೀನಿ."

ಅತ್ತೆ ನಿಜಕ್ಕೂ ಎದ್ದು ತಂಗಿಯ ಬೆನ್ನಿಗೊಂದು ಗುದ್ದಿದರು. ಆಮೇಲೆ ಅಲ್ಲೇ ಪಕ್ಕದಲ್ಲಿ ಕೂತು, ಸೆರಗಿನಿಂದ ಮೂಗು ಒರೆಸಿಕೊಂಡು, "ಮಾರ್ಲಿಲ್ವಲ್ಲ ಅದನ್ನ?" ಎಂದು ಕೇಳಿದರು.

"ಎಲ್ಲಿ ಮಾರಾದು? ನನ್ ಮಕ್ಳೆಲ್ಲಾ ಅದರ ಆಲು ಕುಡ್ದೇ ಬೆಳೆದ್ರು. ನಮ್ ಮನೆ ಕೊಟ್ಟಿಗೇಲೇ ಪ್ರಾಣ ಬಿಡ್ತು."

ಮೊದಲು ನಕ್ಕಿದ್ದು ಮೋನಿಕಾ. ಕೆನ್ನೆ ಹಿಡಿದುಕೊಂಡು, ಬಾಯಿ ಪೂರ್ತಿ ತೆರೆಯಲಾಗದೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಕ್ಕು ಮುಗಿದ ಮೇಲೆ, "ಅಮ್ಮ, ನಾಳೆ ಬರ್ತೀವಿ ಅಂತ ಡಾಕ್ಟರಿಗೆ ಫೋನ್ ಮಾಡು" ಅಂದಳು.

ಮಾರನೆಯ ದಿನ ಅತ್ತೆ ನಮಗಿಂತ ಮೊದಲೇ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿ ನಿಂತಿದ್ದರು.

"ನೀವ್ಯಾಕೆ ಅತ್ತೆ? ಕಾಲು ನೋವು ಅಂತಿದ್ರಿ."

"ಅಸ ಅಂತ ಅವಳು ಯೋಳಿದ್ದು ದಿಟನೇ ಇರ್ಬೋದು. ನಾನೂ ಒಂದ್ಸಲ ಕಣ್ಣಾರೆ ನೋಡ್ತೀನಿ."

ಡಾಕ್ಟರ್ ನಮ್ಮಿಬ್ಬರನ್ನೂ ಒಳಗೆ ಬಿಟ್ಟರು. ಮೋನಿಕಾ ಕುರ್ಚಿಯ ಮೇಲೆ ಒರಗಿದಾಗ ಅವಳ ಅಂಗೈ ತಣ್ಣಗಿತ್ತು. ಮೊದಲು ವಸಡಿಗೆ ಏನೋ ಸವರಿ, ಆಮೇಲೆ ನಿಧಾನವಾಗಿ ಸೂಜಿ ಚುಚ್ಚಿದರು. ಆಗ ಒಮ್ಮೆ ನನ್ನ ಬೆರಳುಗಳನ್ನು ಹಿಂಡಿದಳು. ಸ್ವಲ್ಪ ಹೊತ್ತಿಗೆ, "ತುಟಿ ನಂದಲ್ಲ ಅನ್ನಿಸ್ತಿದೆ" ಅಂದಳು ತೊದಲುತ್ತಾ. ಹಲ್ಲಿನ ಸುತ್ತ ಒಂದು ಹಸಿರು ರಬ್ಬರ್ ಹಾಳೆ ಬಿಗಿದರು. ನರ ತೆಗೆಯುವ ಸೂಜಿಯನ್ನು ಅವಳಿಗೇ ತೋರಿಸಿ, "ನೋವಾದ್ರೆ ಎಡಗೈ ಎತ್ತಿ. ನಿಲ್ಲಿಸ್ತೀನಿ" ಅಂದರು. ಕೂದಲೆಳೆಯಂಥ ಆ ಸೂಜಿಯನ್ನು ಅವಳು ಸೂಜಿಯ ಕಸುಬಿನವಳ ಹಾಗೆ ನೋಡಿದಳು. ಹಿಂಡುತ್ತಿದ್ದ ಬೆರಳುಗಳು ಸಡಿಲವಾದವು.

ಎಡಗೈ ಒಮ್ಮೆಯೂ ಏಳಲಿಲ್ಲ. ಬಲಗೈಗೆ ಮಾತ್ರ ಬಿಡುವಿರಲಿಲ್ಲ. ಅತ್ತೆ ಕುರ್ಚಿಯ ಕಾಲುದೆಸೆಯಲ್ಲಿ ನಿಂತು ಬೆರಳು ಎತ್ತಿ ತೋರಿಸುತ್ತಿದ್ದರು.

"ಮೋನಿ, ಇದೆಷ್ಟು?"

ಮೋನಿಕಾ ಎರಡು ಬೆರಳು ಎತ್ತುವಳು.

"ಈಗೆಷ್ಟು?"

ನಾಲ್ಕು.

"ಅಜ್ಜಿ, ನೀವು ಕೂತ್ಕೊಳ್ಳಿ" ಅಂದರು ಡಾಕ್ಟರ್.

"ನಿಮ್ ಕೆಲ್ಸ ನೀವ್ ಮಾಡಿ ತಾಯಿ. ನನ್ ಕೆಲ್ಸ ನಾನ್ ಮಾಡ್ತೀನಿ. ಮೋನಿ, ಇದೆಷ್ಟು?"

ಅತ್ತೆ ತೋರಿಸಿದ್ದು ಮೂರು. ಮೋನಿಕಾ ಒಂದೇ ಬೆರಳು ಎತ್ತಿದಳು. ಅತ್ತೆಯ ಮುಖದಲ್ಲಿ ರಕ್ತವೇ ಇಂಗಿಹೋಯಿತು. "ರಾಧಾ!" ಎಂದು ನನ್ನ ತೋಳು ಹಿಡಿದರು. ಅಷ್ಟರಲ್ಲಿ ಮೋನಿಕಾಳ ಹೊಟ್ಟೆ ಕುಲುಕುತ್ತಿರುವುದು ಕಂಡಿತು. ಡಾಕ್ಟರ್ ಕೈ ತೆಗೆದು ಹಿಂದೆ ಸರಿದು, ಮಾಸ್ಕಿನೊಳಗೆ ತಾವೂ ನಗತೊಡಗಿದರು.

"ನಿನ್ ನಾಲ್ಗೆಗೆ ಇಂಜೆಕ್ಷನ್ ಕೊಡ್ಸಿದ್ರೆ ಬೆರಳಲ್ಲೂ ಸುಳ್ಳು ಯೋಳ್ತೀಯಾ?" ಎಂದು ಬೈಯುತ್ತಾ ಅತ್ತೆ ಕೊನೆಗೂ ಕೂತರು.

ತಾತ್ಕಾಲಿಕ ಸಿಮೆಂಟು ತುಂಬಿ ಕಳಿಸಿದರು. ಒಂದೆರಡು ದಿನ ಕಚ್ಚಿದರೆ ಸ್ವಲ್ಪ ನೋವಿರುತ್ತದೆ, ಇನ್ನೊಮ್ಮೆ ಬಂದು ಒಳಗೆ ಭದ್ರ ಮಾಡಿಸಬೇಕು, ಆಮೇಲೆ ಮೇಲೊಂದು ಕ್ಯಾಪು ಎಂದರು. ಮೆಟ್ಟಿಲಿಳಿಯುತ್ತಾ ಮೋನಿಕಾ, "ಅಷ್ಟೇನಾ?" ಎಂದು ಕೇಳಿದಳು. ಯಾರೋ ಮೋಸ ಮಾಡಿದ ಹಾಗಿತ್ತು ಅವಳ ದನಿ.

ದಾರಿಯಲ್ಲೇ ಅಶ್ವತ್ಥ್ ಫೋನ್ ಮಾಡಿದರು. "ಅತ್ತಳಾ?"

"ಇಲ್ಲ ಕಣ್ರೀ, ನಕ್ಕಳು."

ಅವರು ದನಿ ತಗ್ಗಿಸಿ, "ನಿಜವಾಗ್ಲೂ ನೋಯಲ್ವಂತಾ?" ಅಂದರು.

"ಯಾಕ್ರೀ?"

"ಸುಮ್ನೆ ಕೇಳ್ದೆ."

ಕೆಲವು ದಿನಕ್ಕೆ ಮೋನಿಕಾ ಮತ್ತೆ ಚಪಾತಿ ಕೇಳಿದಳು. ಅತ್ತೆಯ ಮುಖ ಇಳಿಯಿತು. ಇಬ್ಬರೂ ಚೌಕಾಸಿ ಮಾಡಿ, ವಾರಕ್ಕೆರಡು ರಾತ್ರಿ ಮುದ್ದೆ ಎಂದು ಒಪ್ಪಿಕೊಂಡರು. ನಾನು ಎರಡನೆಯ ಒಲೆ ಹಚ್ಚಿದೆ. ಆವತ್ತು ಪಾತ್ರೆ ತೊಳೆಯುವಾಗ ಅತ್ತೆ ಪಕ್ಕದಲ್ಲಿ ನಿಂತು, "ನೀನು ಅವತ್ತು ಬೈದಿದ್ದು ಸರಿ ರಾಧಾ" ಅಂದರು.

"ಬೈಲಿಲ್ಲ ಅತ್ತೆ. ಹೆದರಿದ್ದೆ."

"ನಾನೂ ಅಷ್ಟೇ ಕಣವ್ವ" ಎಂದು ತೊಳೆದ ತಟ್ಟೆಗಳನ್ನು ಎತ್ತಿಕೊಂಡು ಹೋದರು.

ಎರಡನೆಯ ಸಲ ಅಜ್ಜಿ ಮೊಮ್ಮಗಳೇ ಹೋದರು. ನೀನು ಬರಬೇಡ, ನಿನಗೆ ಕೆಲಸ ಇದೆ ಎಂದರು. ಬೇಳೆ ಬೇಯಿಸಿ, ಬಟ್ಟೆ ಮಡಿಸಿ, ಮನೆ ಒರೆಸಿದರೂ ಅವರು ಬರಲಿಲ್ಲ. ಒಂದು ಹಲ್ಲು ಮುಚ್ಚಲು ಇಷ್ಟು ಹೊತ್ತೇಕೆ ಎಂದು ಬಾಗಿಲಿಗೂ ಒಲೆಗೂ ಓಡಾಡಿದೆ. ಕೊನೆಗೆ ಗೇಟಿನ ಸದ್ದಾಯಿತು. ಮೋನಿಕಾ ಹುಷಾರಾಗಿಯೇ ಇದ್ದಳು. ಅವಳ ಕೈ ಹಿಡಿದುಕೊಂಡು ಬಂದ ಅತ್ತೆಯ ಬಾಯಿ ಬಿಗಿದಿತ್ತು. ಕೆನ್ನೆಯೊಳಗೆ ಹತ್ತಿ ಉಂಡೆ ಇದ್ದದ್ದು ಹೊರಗೇ ಕಾಣುತ್ತಿತ್ತು.

"ಏನಾಯ್ತು ಅತ್ತೆಗೆ?"

"ನಂದು ಮುಗಿದ ತಕ್ಷಣ ಹೋಗಿ ಕುರ್ಚಿ ಮೇಲೆ ಕೂತ್ಬಿಟ್ರು ಅಮ್ಮ. ನಂದೂ ನೋಡವ್ವ ಅಂತ. ಬಿ.ಪಿ. ನೋಡಿ, ಶುಗರ್ ನೋಡಿ, ಎಕ್ಸ್‌ರೇ ತೆಗೆದು, ಇದು ಉಳಿಸೋ ಹಂಗಿಲ್ಲ ಅಂದ್ರು ಡಾಕ್ಟರ್. ಕೀಳಿ ಅಂದ್ರು ಅಜ್ಜಿ."

"ಯಾವ ಹಲ್ಲು?"

"ಮೇಲಿಂದೇ."

ಇಷ್ಟು ವರ್ಷದಲ್ಲಿ ಮೊದಲ ಸಲ ಅತ್ತೆ ಒಂದು ವಿಷಯದ ಬಗ್ಗೆ ಏನೂ ಹೇಳಲಾಗದೆ ನಿಂತಿದ್ದರು. ಮಲಗಿ ಎಂದೆ, ಒಲ್ಲೆ ಎಂದು ತಲೆಯಾಡಿಸಿದರು. ನೀರು ಬೇಕಾ ಎಂದೆ, ಬೇಡವೆಂದು ಕೈ ಬೀಸಿದರು. ಆಮೇಲೆ ತಾವೇ ಹೋಗಿ ಮೂಲೆಯಲ್ಲಿದ್ದ ಮೊರ ತಂದು, ಡಬ್ಬದಿಂದ ಅಕ್ಕಿ ಸುರಿದುಕೊಂಡು, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತರು. ನಾನೂ ಮೋನಿಕಾಳೂ ನೋಡುತ್ತಾ ನಿಂತೆವು. ಅಕ್ಕಿಯ ಮೇಲೆ ಅವರ ಬೆರಳು ನಿಧಾನವಾಗಿ ಓಡಾಡಿತು, ಒಂದು ಕಡೆ ನಿಂತಿತು. ಅಕ್ಕಿಯಷ್ಟೇ ಬಿಳಿಯಾದ ಒಂದು ಸಣ್ಣ ಕಲ್ಲನ್ನು ಹೆಕ್ಕಿ, ಎರಡು ಬೆರಳ ನಡುವೆ ಹಿಡಿದು, ನಮ್ಮಿಬ್ಬರ ಕಡೆ ಎತ್ತಿ ತೋರಿಸಿದರು.